ಇಲ್ಲ ಅಂದ್ರೆ ಯಾವ ಇಲ್ಲ

ನಮ್ಮಕ್ಕನಿಗೆ ಕಾಲೇಜಿನಲ್ಲಿ ಬಿದ್ದ ಹೆಸರು ಅಳತೆ ಮೇಡಂ. ಹಾಗೆ ನೋಡಿದರೆ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಓಡಾಡುವವಳು ನಾನು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಹುಡುಗ ಹುಡುಗಿಯರು ಲ್ಯಾಬಿನಲ್ಲಿ ಹಾಕಿಕೊಳ್ಳುವ ಬಿಳಿ ಕೋಟುಗಳೇ ನನ್ನ ಹೊಟ್ಟೆಪಾಡು. ನಾನು ಅಳೆಯುವುದು ಭುಜ, ತೋಳು, ಉದ್ದ, ಅಷ್ಟೇ. ಸಂಖ್ಯಾಶಾಸ್ತ್ರ ಪಾಠ ಮಾಡುವ ನಮ್ಮಕ್ಕ ಉಳಿದದ್ದನ್ನೆಲ್ಲ ಅಳೆಯುತ್ತಾಳೆ.

ಅವಳ ಎದುರಿಗೆ 'ತುಂಬಾ' ಅನ್ನುವ ಹಾಗಿಲ್ಲ, 'ಸುಮಾರು' ಅನ್ನುವ ಹಾಗಿಲ್ಲ. "ಇವತ್ತು ಅಂಗಡೀಲಿ ತುಂಬಾ ಜನ" ಅಂದರೆ, "ತುಂಬಾ ಅಂದ್ರೆ ಎಷ್ಟು?" ಅಂತ ಕೇಳುತ್ತಾಳೆ. "ಗುಂಡಿ ಹೊಲಿಯೋದು ಬಿಟ್ಟು ತಲೆ ಎಣಿಸ್ತಾ ಕೂರ್ಲಾ?" ಅಂತ ನಾನು ರೇಗುತ್ತೇನೆ. ಅಮ್ಮ ತೀರಿಕೊಂಡಾಗ ನನಗಿನ್ನೂ ಜಡೆ ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ಅಕ್ಕನೇ ಹೆಣೆಯುತ್ತಿದ್ದಳು, ಹೆಣೆದು ಮುಗಿಸಿ ಎರಡೂ ಜಡೆಗೆ ಸ್ಕೇಲು ಹಿಡಿದು ಸಮ ಇದೆಯಾ ಅಂತ ನೋಡುತ್ತಿದ್ದಳು. ಮನೆಯಲ್ಲಿ ಒಂದು ಹಣ್ಣಿದ್ದರೆ ಬೇರೆಯವರು ಆರಿಸಿಕೊಂಡು ಮಿಕ್ಕ ಕೊನೆಯ ಹೋಳನ್ನು ಹೆಚ್ಚಿದವರು ತೆಗೆದುಕೊಳ್ಳಬೇಕು, ಅದು ಅವಳು ಮಾಡಿದ ಕಾನೂನು. ಹೆಚ್ಚುತ್ತಿದ್ದದ್ದು ಯಾವಾಗಲೂ ಅವಳೇ. ಅಪ್ಪ ಇದ್ದೂ ಇಲ್ಲದಂತಿದ್ದ ಮನೆಯಲ್ಲಿ ನನ್ನನ್ನು ಹೊತ್ತು ಹೊರೆದವಳು ಅವಳು. ಹಾಗಾಗಿ ಅವಳನ್ನು ಬೈಯುವ ಹಕ್ಕು ನನಗೊಬ್ಬಳಿಗೇ ಇದೆ. ಬೇರೆ ಯಾರಾದರೂ ಬೈದರೆ ಅವರ ಗ್ರಹಚಾರ ಬಿಡಿಸುತ್ತೇನೆ.

ಆ ಕಾಲೇಜಿನಲ್ಲಿ ಅರ್ಧಕ್ಕರ್ಧ ಮೇಷ್ಟ್ರುಗಳು ಗುತ್ತಿಗೆಯವರು. ಒಂದು ವರ್ಷಕ್ಕೆ ಅಂತ ತೆಗೆದುಕೊಳ್ಳುತ್ತಾರೆ, ವರ್ಷ ಮುಗಿದ ಮೇಲೆ ಮುಂದುವರಿಸುವುದೋ ಬಿಡುವುದೋ ಪ್ರಿನ್ಸಿಪಾಲರ ಮರ್ಜಿ. ಪ್ರಿನ್ಸಿಪಾಲರು ಸದಾ ನಗುಮುಖದ ಮನುಷ್ಯ. ಕೆಲಸದಿಂದ ತೆಗೆಯುವಾಗಲೂ ಹೆಗಲ ಮೇಲೆ ಕೈಹಾಕಿ, ಕಾಫಿ ತರಿಸಿಕೊಟ್ಟು, ನಗುತ್ತಲೇ ತೆಗೆಯುತ್ತಾರೆ. ಯಾರು ಒಳ್ಳೆಯ ಮೇಷ್ಟ್ರು ಅಂತ ಅವರು ಕಂಡುಕೊಳ್ಳುತ್ತಿದ್ದ ರೀತಿ ಸರಳ. ಕಾರಿಡಾರಿನಲ್ಲಿ ನಡೆದುಕೊಂಡು ಹೋಗುವುದು, ಯಾವ ಕ್ಲಾಸಿನಲ್ಲಿ ಗದ್ದಲ ಇಲ್ಲವೋ ಅದು ಒಳ್ಳೆಯ ಕ್ಲಾಸು. ಮಕ್ಕಳು ನಿದ್ದೆ ಮಾಡಿದರೂ ಗದ್ದಲ ಇರುವುದಿಲ್ಲ ಅನ್ನುವುದು ಅವರಿಗೆ ಬೇಕಾಗಿರಲಿಲ್ಲ. ಜೊತೆಗೆ ಬೆಳಗ್ಗೆ ಅವರ ಕಾರಿನ ಬಾಗಿಲು ತೆಗೆಯುವವರು ಯಾರು, ಅವರ ಜೋಕಿಗೆ ಮೊದಲು ನಗುವವರು ಯಾರು ಅನ್ನುವುದೂ ಲೆಕ್ಕಕ್ಕೆ ಬರುತ್ತಿತ್ತು.

ಗಿಡದ ಮೇಷ್ಟ್ರಿಗೆ ಈ ಎರಡೂ ವಿದ್ಯೆ ಬರುತ್ತಿರಲಿಲ್ಲ. ಅವರು ಸಸ್ಯಶಾಸ್ತ್ರದವರು. ಕಪ್ಪು ಕೂದಲಲ್ಲಿ ಗುತ್ತಿಗೆಗೆ ಸೇರಿ, ಕೂದಲು ಬೆಳ್ಳಗಾದರೂ ಗುತ್ತಿಗೆಯಲ್ಲೇ ಇದ್ದವರು. ದನಿ ಸಣ್ಣದು. ಕ್ಲಾಸಿನಲ್ಲಿ ಸದಾ ಗುಜುಗುಜು. ಯಾಕೆಂದರೆ ಅವರು ಪ್ರತಿ ಬೆಂಚಿಗೂ ಒಂದೊಂದು ಎಲೆ ಕೊಟ್ಟು, "ಇದರ ಹೆಸರು ನಂಗೆ ಬೇಡ. ಮೊದಲು ನೋಡಿ. ಏನು ಕಾಣ್ತದೋ ಅದನ್ನ ಬರೀರಿ. ಕಾಣದೇ ಇರೋದನ್ನ ಬರೀಬೇಡಿ" ಅನ್ನುತ್ತಿದ್ದರು. ಮಕ್ಕಳು ಎಲೆಯನ್ನು ಬೆಳಕಿಗೆ ಹಿಡಿದು, ಮಗುಚಿ, ಮೂಸಿ, ಜಗಳವಾಡಿ ಬರೆಯುತ್ತಿದ್ದರು. ಇದನ್ನೆಲ್ಲ ನನಗೆ ಹೇಳಿದ್ದು ಅವರ ಕ್ಲಾಸಿನ ಎಡಗೈ ಹುಡುಗಿ. ಅವಳ ಕೋಟಿಗೆ ನಾನು ಜೇಬನ್ನು ಎಲ್ಲರ ಹಾಗೆ ಎಡಗಡೆ ಇಡದೆ ಬಲಗಡೆ ಇಟ್ಟು ಹೊಲಿದುಕೊಟ್ಟಿದ್ದೆ. ಅದಕ್ಕೇ ನನ್ನ ಮೇಲೆ ಅವಳಿಗೆ ಪ್ರೀತಿ. ಬಂದಾಗಲೆಲ್ಲ ಮೇಷ್ಟ್ರ ಮಾತೇ. ಅವಳಪ್ಪನಿಗೆ ಮಗಳು ಓದಿದ್ದು ಸಾಕು ಅನ್ನಿಸಿತ್ತು, ಅಂಗಡಿಯ ಗಲ್ಲಾದಲ್ಲಿ ಕೂರಲಿ ಅಂತ. "ಮೇಷ್ಟ್ರು ಮನೆಗೆ ಬಂದು ಅಪ್ಪನ ಹತ್ರ ಮಾತಾಡ್ತೀನಿ ಅಂದಿದಾರೆ ಆಂಟಿ. ಅವರು ಹೇಳಿದ್ರೆ ಅಪ್ಪ ಕೇಳ್ತಾರೆ" ಅನ್ನುತ್ತಿದ್ದಳು.

ಅಕ್ಕನಿಗೂ ಆ ಮೇಷ್ಟ್ರ ಮೇಲೆ ಗೌರವ. ಪ್ರತಿ ವರ್ಷ ಕೊನೆಗೆ ಅವರು ಪ್ರಿನ್ಸಿಪಾಲರ ಕೋಣೆಯ ಹೊರಗಿನ ಬೆಂಚಿನಲ್ಲಿ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿರುವುದನ್ನು ನೋಡಿ ಅವಳ ಮೈ ಉರಿಯುತ್ತಿತ್ತು. "ಪಾಠ ಕೇಳೋರು ಮಕ್ಕಳು. ಮೇಷ್ಟ್ರು ಹೇಗೆ ಅಂತ ಮಕ್ಕಳನ್ನ ಬಿಟ್ಟು ಎಲ್ಲರನ್ನೂ ಕೇಳ್ತಾರೆ" ಅನ್ನುತ್ತಿದ್ದಳು. ಹಾಗೆ ಹುಟ್ಟಿದ್ದು ಅವಳ ಫಾರ್ಮು. ಮಕ್ಕಳು ಹೆಸರು ಬರೆಯದೆ ತುಂಬುವುದು, ಮೇಷ್ಟ್ರು ಹೊರಗೆ ಹೋದ ಮೇಲೆ ತುಂಬುವುದು, ಕವರಿಗೆ ಹಾಕಿ ಅಂಟಿಸಿಬಿಡುವುದು. ಆಡಳಿತ ಮಂಡಳಿಯವರ ಮುಂದೆ ನಿಂತು ವಾದ ಮಾಡಿದಳು, ಅರ್ಜಿ ಮೇಲೆ ಅರ್ಜಿ ಹಾಕಿದಳು. ಕೊನೆಗೆ ಪ್ರಿನ್ಸಿಪಾಲರು ನಗುತ್ತಾ, "ಆಗ್ಲಿ ಮೇಡಂ, ನೀವೇ ಮಾಡ್ಕೊಡಿ, ಮಾರ್ಕ್ಸ್ ಕಮ್ಮಿ ಬಂದೋರನ್ನ ಬಿಡೋಣ, ನಂಗೂ ಕೆಟ್ಟ ಹೆಸರು ತಪ್ಪುತ್ತೆ" ಅಂದರು.

ಆ ಫಾರ್ಮು ಮಾಡುವಾಗ ನಮ್ಮನೆ ಊಟದ ಮೇಜು ಊಟಕ್ಕೆ ಸಿಗುತ್ತಿರಲಿಲ್ಲ. ನನ್ನ ಬಿಳಿ ಬಟ್ಟೆಯ ತುಂಡುಗಳ ಪಕ್ಕದಲ್ಲಿ ಅವಳ ಬಿಳಿ ಹಾಳೆಗಳು. ಒಂದೊಂದು ಪ್ರಶ್ನೆಗೂ ದಿನಗಟ್ಟಲೆ ತಲೆ ಕೆಡಿಸಿಕೊಂಡಳು. 'ಚೆನ್ನಾಗಿ ಪಾಠ ಮಾಡುತ್ತಾರೆಯೇ' ಅಂತ ಕೇಳಬಾರದು, ಒಬ್ಬೊಬ್ಬರ 'ಚೆನ್ನಾಗಿ' ಒಂದೊಂದು ಥರ. ಒಂದು ಪ್ರಶ್ನೆಯಲ್ಲಿ ಎರಡು ವಿಷಯ ತುರುಕಬಾರದು. ಗುರುತು ಹಾಕಲು ಐದು ಮನೆ ಕೊಟ್ಟರೆ ಎಲ್ಲರೂ ನಡುವಿನ ಮನೆಯಲ್ಲಿ ಹೋಗಿ ಕೂರುತ್ತಾರೆ, ಅದಕ್ಕೆ ಎರಡೇ ಮನೆ: ಹೌದು, ಇಲ್ಲ. ಇನ್ನು, ಕೆಲವು ಮಕ್ಕಳು ಓದದೇ ಕಾಟಾಚಾರಕ್ಕೆ ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಗುರುತು ಹಾಕಿಬಿಡುತ್ತಾರಲ್ಲ, ಅವರನ್ನು ಹಿಡಿಯುವುದು ಹೇಗೆ? ಅದಕ್ಕೂ ಉಪಾಯ ಮಾಡಿದಳು. ಒಂದೇ ಮಾತನ್ನು ಎರಡು ಕಡೆ ಕೇಳುವುದು, ಒಮ್ಮೆ ನೆಟ್ಟಗೆ, ಒಮ್ಮೆ ತಿರುಗಿಸಿ. ಮೇಲೆ ಒಂದು ಕಡೆ 'ಪ್ರಶ್ನೆ ಕೇಳಿದರೆ ತಾಳ್ಮೆಯಿಂದ ಉತ್ತರಿಸುತ್ತಾರೆ.' ಕೆಳಗೆಲ್ಲೋ 'ಪ್ರಶ್ನೆ ಕೇಳಿದರೆ ಸಿಡುಕುತ್ತಾರೆ.' ಎರಡಕ್ಕೂ 'ಹೌದು' ಅಂದರೆ ಆ ಹುಡುಗ ಓದಿಯೇ ಇಲ್ಲ. ಅವನ ಹಾಳೆ ಪಕ್ಕಕ್ಕೆ.

"ಇದರಲ್ಲಿ ನಿಂಗೇನಾದ್ರೂ ತಪ್ಪು ಕಾಣ್ತಿದೆಯಾ?" ಅಂತ ನನ್ನನ್ನೂ ಕೇಳಿದ್ದಳು.

"ನಂಗ್ಯಾವ ಮೇಷ್ಟ್ರು ಇದಾರೆ ಮಾರ್ಕ್ಸ್ ಹಾಕೋಕೆ? ಮೇಜು ಖಾಲಿ ಮಾಡು, ಊಟ ತಣ್ಣಗಾಗ್ತಿದೆ" ಅಂದಿದ್ದೆ.

ಅಚ್ಚಿಗೆ ಹೋಗುವ ಮುಂಚೆ ಫಾರ್ಮನ್ನು ಸ್ಟಾಫ್ ಮೀಟಿಂಗಿನಲ್ಲಿ ಓದಿದರು. ಅಲ್ಲೇ ಎಡವಟ್ಟಾಗಿದ್ದು. 'ಸಿಡುಕುತ್ತಾರೆ', 'ತಡವಾಗಿ ಬರುತ್ತಾರೆ', 'ಹಳೆಯ ಟಿಪ್ಪಣಿಯನ್ನೇ ಓದಿ ಬರೆಸುತ್ತಾರೆ' ಅನ್ನುವ ಸಾಲುಗಳು ಬಂದ ಕೂಡಲೇ ಕೋಣೆ ಕಾದ ಎಣ್ಣೆಗೆ ನೀರು ಬಿದ್ದ ಹಾಗಾಯಿತಂತೆ. ವಾಣಿಜ್ಯ ವಿಭಾಗದ ಟಿಪ್ಪಣಿ ಮೇಷ್ಟ್ರು ಎದ್ದು ನಿಂತರು. ಯಾವ ಕಾಲದಲ್ಲೋ ತಾವು ವಿದ್ಯಾರ್ಥಿಯಾಗಿದ್ದಾಗ ಬರೆದುಕೊಂಡ ನೋಟ್ಸನ್ನೇ ಇವತ್ತಿಗೂ ಬರೆಸುವ ಮಹಾನುಭಾವರು ಅವರು. "ಏನ್ ಮೇಡಂ, ನಾವು ಸಿಡುಕ್ತೀವಿ ಅಂತ ನಾವೇ ಅಚ್ಚು ಹಾಕಿ ಮಕ್ಕಳ ಕೈಗೆ ಕೊಡೋದಾ? ನಮ್ಮ ಮರ್ಯಾದೆ ಏನಾಗ್ಬೇಕು?" ಅಂದರು. ಎಲ್ಲರೂ ದನಿಗೂಡಿಸಿದರು. ಫಾರ್ಮೇ ಬೇಡ ಅನ್ನುವ ಮಟ್ಟಕ್ಕೆ ಹೋಯಿತು. ಅಕ್ಕ ಅಲ್ಲೇ ಕೂತು ದಾರಿ ಹುಡುಕಿದಳು. ಆ ಸಾಲುಗಳ ಕೊನೆಗೆ ಒಂದೊಂದು 'ಇಲ್ಲ' ಸೇರಿಸಿದಳು. 'ಪ್ರಶ್ನೆ ಕೇಳಿದರೆ ಸಿಡುಕುವುದಿಲ್ಲ.' 'ತಡವಾಗಿ ಬರುವುದಿಲ್ಲ.' 'ಹಳೆಯ ಟಿಪ್ಪಣಿಯನ್ನೇ ಓದಿ ಬರೆಸುವುದಿಲ್ಲ.' ಈಗ ಯಾರ ಮರ್ಯಾದೆಗೂ ಧಕ್ಕೆ ಇಲ್ಲ. ಒಳ್ಳೆಯ ಮೇಷ್ಟ್ರಿಗೆ ಎರಡು ಕಡೆಯೂ 'ಹೌದು' ಬರಬೇಕು. ಒಂದು ಕಡೆ 'ಹೌದು' ಅಂದು ಇನ್ನೊಂದು ಕಡೆ 'ಇಲ್ಲ' ಅಂದವನ ಹಾಳೆ ಪಕ್ಕಕ್ಕೆ. ಮೇಷ್ಟ್ರುಗಳೆಲ್ಲ ಒಂದೊಂದು ಪ್ರತಿ ತುಂಬಿ ನೋಡಿದರು. ಅರ್ಜಿ ತುಂಬಿ ಪಳಗಿದ ಕೈಗಳು, ಎಲ್ಲರೂ ಸರಿಯಾಗೇ ತುಂಬಿದರು. ಮಕ್ಕಳಿಗೆ ಕೊಟ್ಟು ನೋಡೋಣ ಅಂದರೆ ಪ್ರಿನ್ಸಿಪಾಲರು, "ಬೇಡ ಮೇಡಂ, ಮೊದಲೇ ಗೊತ್ತಾದ್ರೆ ಮಾತಾಡ್ಕೊಂಡು ತುಂಬ್ತಾರೆ" ಅಂದರು. ಅದೂ ನಿಜವೇ ಅನ್ನಿಸಿತು ಅಕ್ಕನಿಗೆ.

ಅಕ್ಕ ಬರೆದುಕೊಟ್ಟ ನಿಯಮದಂತೆ ಆಫೀಸಿನವರು ಎಣಿಸಿದ ಫಲಿತಾಂಶ ಬಂದ ದಿನ ಅವಳು ಮನೆಗೆ ಬಂದವಳೇ ಚಪ್ಪಲಿ ಬಿಡದೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಳು. ಟಿಪ್ಪಣಿ ಮೇಷ್ಟ್ರಿಗೆ ಎಲ್ಲರಿಗಿಂತ ಹೆಚ್ಚು. ಗಿಡದ ಮೇಷ್ಟ್ರಿಗೆ ಎಲ್ಲರಿಗಿಂತ ಕಡಿಮೆ.

"ಹೇಗೆ?" ಅಂದೆ.

"ಅವರ ಕ್ಲಾಸಿನ ಹಾಳೆ ಮುಕ್ಕಾಲು ಪಾಲು ಪಕ್ಕಕ್ಕೆ ಹೋಯ್ತು. ಓದದೇ ತುಂಬಿದಾರೆ. ಉಳಿದ ಒಂದಿಷ್ಟರಲ್ಲಿ ಎಲ್ಲದಕ್ಕೂ ಇಲ್ಲ, ಇಲ್ಲ, ಇಲ್ಲ."

"ಕಾಪಿ ಹೊಡೆದು ಸಿಕ್ಕಿಬಿದ್ದೋರು ಇರ್ಬೇಕು, ಸಿಟ್ಟು ತೀರಿಸ್ಕೊಂಡಿದಾರೆ. ಪಕ್ಕಕ್ಕಿಟ್ಟಿದ್ದನ್ನ ಇನ್ನೊಂದ್ಸಲ ನೋಡಬಾರದಾ?"

ಅವಳು ನನ್ನ ಮೇಲೆ ಹಾರಿಬಿದ್ದಳು. "ಅವರು ನಂಗೆ ಬೇಕಾದೋರು ಅಂತ ಅವರ ಹಾಳೆ ಮಾತ್ರ ತೆಗೆದು ನೋಡ್ಲಾ? ಹಾಗೆ ಮಾಡಿದ್ರೆ ನಂಗೂ ಆ ಪ್ರಿನ್ಸಿಪಾಲ್‌ಗೂ ಏನ್ ವ್ಯತ್ಯಾಸ?"

ಅವಳ ನ್ಯಾಯ ಆ ಥರದ್ದು. ತನಗೆ ಪ್ರೀತಿ ಇದ್ದ ಕಡೆಗೇ ಕೈ ಬಿಗಿ ಮಾಡುತ್ತಾಳೆ. ಕೊನೆಯ ಹೋಳು ಯಾವಾಗಲೂ ತನ್ನ ಕಡೆಯವರಿಗೇ.

ಪ್ರಿನ್ಸಿಪಾಲರು ಗಿಡದ ಮೇಷ್ಟ್ರ ಹೆಗಲ ಮೇಲೆ ಕೈಹಾಕಿ, ಕಾಫಿ ತರಿಸಿಕೊಟ್ಟು, "ನಂದೇನೂ ಇಲ್ಲ ಮೇಷ್ಟ್ರೇ, ನಿಮ್ಮ ಮಕ್ಕಳೇ ಬೇಡ ಅಂದಿದಾರೆ" ಅಂದರು. ಹಿಂದೆಲ್ಲ ಪ್ರಿನ್ಸಿಪಾಲರು ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಮಕ್ಕಳೇ ಬೇಡ ಅಂದಮೇಲೆ ಯಾರ ಹತ್ತಿರ ಏನಂತ ಕೇಳುವುದು? ಮೇಷ್ಟ್ರು ಚೀಲ ಎತ್ತಿಕೊಂಡು ಹೋದರು. ಆಮೇಲೆ ತಿಳಿಯಿತು, ಆಫೀಸುಗಳಿಗೆ ಕುಂಡದ ಗಿಡ ಬಾಡಿಗೆಗೆ ಕೊಡುವ ಒಂದು ಕಂಪನಿಗೆ ಸೇರಿದ್ದಾರೆ ಅಂತ. ಕಟ್ಟಡದಿಂದ ಕಟ್ಟಡಕ್ಕೆ ಹೋಗಿ ನೀರು ಹಾಕುವುದು, ಎಲೆ ಒರೆಸುವುದು. ಅದರಲ್ಲಿ ಅರ್ಧ ಪ್ಲಾಸ್ಟಿಕ್ಕಿನ ಗಿಡಗಳು, ಅವನ್ನೂ ಒರೆಸಬೇಕು.

ಹೊಸ ವರ್ಷದ ತರಗತಿ ಶುರುವಾಗಿ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗ ಇಲ್ಲದ ಹೊತ್ತಿನಲ್ಲಿ ಎಡಗೈ ಹುಡುಗಿ ಬಂದಳು. ಕೋಟನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ ತಂದಿದ್ದಳು.

"ಯಾರಾದ್ರೂ ಕೇಳಿದ್ರೆ ಕೊಟ್ಬಿಡಿ ಆಂಟಿ. ನಂಗಿನ್ನು ಬೇಡ."

"ಯಾಕಮ್ಮಾ? ನಿಮ್ಮಪ್ಪ..."

"ಹೂಂ. ಅಂಗಡೀಲಿ ಕೂತಿದೀನಿ." ಜೇಬಿನ ಅಂಚನ್ನು ಬೆರಳಲ್ಲಿ ತೀಡುತ್ತಾ ನಿಂತಳು. "ಈ ಜೇಬು ಬಿಚ್ಚಿ ಆ ಕಡೆ ಹಾಕ್ಬೇಕಾಗತ್ತೆ ನೀವು, ಪಾಪ."

"ನಿಮ್ಮ ಮೇಷ್ಟ್ರು ಬಂದು ಮಾತಾಡ್ಲಿಲ್ವಾ?"

"ನಾನೇ ಅವರ ಮನೆಗೆ ಹೋಗಿದ್ದೆ ಆಂಟಿ. ಬಾಗಿಲು ತೆಗೆದ್ರು, ನನ್ನ ಮುಖ ನೋಡಿದ್ರು, ಹಾಗೇ ಹಾಕ್ಕೊಂಡ್ರು. ಇನ್ನೊಂದ್ಸಲ ಹೋದಾಗ ತೆಗೀಲೇ ಇಲ್ಲ. ನಾನೇನ್ ಮಾಡ್ದೆ ಅಂತಾನೇ ಗೊತ್ತಾಗ್ಲಿಲ್ಲ."

ಒಳಗಿನ ಕೋಣೆಯಲ್ಲಿದ್ದ ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು. "ಏನ್ ಮಾಡ್ದೆ ಅಂತ ಗೊತ್ತಿಲ್ವಾ? ಫಾರ್ಮಲ್ಲಿ ಅವರ ಬಗ್ಗೆ ಅಷ್ಟು ಕೆಟ್ಟದಾಗಿ ಬರೆದು ಕೂತಿರಲ್ಲ ನೀವೆಲ್ಲ" ಅಂದಳು. ಅವಳ ದನಿಯಲ್ಲಿ ವಿಷ ಇತ್ತು. ಆ ಮಕ್ಕಳ ಮೇಲೆ ಅವಳಿಗೆ ಅಷ್ಟು ದಿನದಿಂದ ಕುದಿಯುತ್ತಿತ್ತು.

ಹುಡುಗಿ ಕಣ್ಣು ಕಣ್ಣು ಬಿಟ್ಟಳು. "ನಾವಾ? ನಾವು ಒಳ್ಳೇದೇ ಬರೆದ್ವಿ ಮೇಡಂ! ಮೇಷ್ಟ್ರದು ಅಂತ ಒಂದೊಂದು ಸಾಲೂ ಓದಿ ಓದಿ ಬರೆದ್ವಿ. ಅವರು ಯಾವಾಗ್ಲೂ ನೋಡಿ ಬರೀರಿ ಅಂತಿದ್ರಲ್ಲ."

"ಓದಿ ಬರೆದ್ರಾ? ಹಾಗಾದ್ರೆ ಹೇಳು. 'ಪ್ರಶ್ನೆ ಕೇಳಿದರೆ ತಾಳ್ಮೆಯಿಂದ ಉತ್ತರಿಸುತ್ತಾರೆ.' ಏನು ಹಾಕ್ದೆ?"

"ಹೌದು ಅಂತ."

"'ಪ್ರಶ್ನೆ ಕೇಳಿದರೆ ಸಿಡುಕುವುದಿಲ್ಲ.' ಅದಕ್ಕೆ?"

"ಇಲ್ಲ ಅಂತ."

"ಇಲ್ಲ ಅಂತಾನಾ?"

"ಹೂಂ ಮೇಡಂ. ಇಲ್ಲ, ಸಿಡುಕಲ್ಲ. ತಡವಾಗಿ ಬರಲ್ಲ ಅಂತ ಇತ್ತು, ಅದಕ್ಕೂ ಇಲ್ಲ ಅಂತ ಹಾಕ್ದೆ. ಇಲ್ಲ, ಬರಲ್ಲ. ಅವರು ಯಾವತ್ತೂ ತಡ ಮಾಡಿದೋರೇ ಅಲ್ಲ. ಯಾಕೆ ಮೇಡಂ, ತಪ್ಪಾ?"

ಅಕ್ಕನ ಮುಖ ನೋಡಲಾಗಲಿಲ್ಲ ನನಗೆ. ಕಾಲಲ್ಲಿ ತುಳಿಯುತ್ತಿದ್ದ ಮಿಷನ್ನನ್ನು ನಿಲ್ಲಿಸಿದೆ. ನನಗೂ ಅರ್ಥವಾಯಿತು. 'ಹಾಲು ಬಂದಿಲ್ವಾ?' ಅಂದರೆ ನಾವೆಲ್ಲ ಏನಂತೇವೆ? 'ಇಲ್ಲ' ಅಂತೇವೆ, ಬಂದಿಲ್ಲ ಅಂತ. 'ಹೂಂ' ಅಂದರೂ ಬಂದಿಲ್ಲ ಅಂತಲೇ. ಹುಟ್ಟಿದಾಗಿನಿಂದ ಮಾತಾಡಿದ ಹಾಗೆ ಆ ಮಕ್ಕಳು ಗುರುತು ಹಾಕಿದ್ದರು. ನಿಧಾನಕ್ಕೆ ಓದಿದ್ದಕ್ಕೇ ಅವರ ಹಾಳೆಗಳು 'ಓದದೇ ತುಂಬಿದವು' ಅಂತ ಪಕ್ಕಕ್ಕೆ ಹೋಗಿದ್ದವು. ಟಿಪ್ಪಣಿ ಮೇಷ್ಟ್ರ ಕ್ಲಾಸಿನವರು ಏನನ್ನೂ ಓದದೆ, ಪಾಠದ ಹಾಗೇ ಫಾರ್ಮನ್ನೂ ಮುಗಿಸಿದರೆ ಸಾಕು ಅಂತ ಮೇಲಿಂದ ಕೆಳಗೆ 'ಹೌದು' ಎಳೆದಿದ್ದರು. 'ಇಲ್ಲ' ಸೇರಿಸಿದ ಮೇಲೆ ಎರಡು ಕಡೆಯೂ 'ಹೌದು' ಅಂದರೆ ಸರಿ ಅಂತಾಗಿತ್ತಲ್ಲ, ಅವರ ಒಂದು ಹಾಳೆಯೂ ತಿರಸ್ಕಾರವಾಗಿರಲಿಲ್ಲ. ಸಿಟ್ಟಿಗೆ 'ಇಲ್ಲ' ಎಳೆದವರದ್ದೂ ಆಗಿರಲಿಲ್ಲ. ಮೇಷ್ಟ್ರನ್ನು ಪ್ರೀತಿಸಿದವರ ಹಾಳೆಗಳನ್ನು ಆರಿಸಿ ಆರಿಸಿ ಎಸೆದಿತ್ತು ನಮ್ಮಕ್ಕನ ಫಾರ್ಮು.

"ತಪ್ಪು ನಿಂದಲ್ಲ" ಅಂದಳು ಅಕ್ಕ. ಆ ಹುಡುಗಿಯ ಕೈಯಿಂದ ಕೋಟನ್ನು ತೆಗೆದುಕೊಂಡು, ಎಲ್ಲಿಡಬೇಕು ಅಂತ ತಿಳಿಯದೆ ಎದೆಗೆ ಅವುಚಿಕೊಂಡು ನಿಂತಳು.

ಮರುದಿನ ಬೆಳಗ್ಗೆಯೇ ಪ್ರಿನ್ಸಿಪಾಲರ ಕೋಣೆಗೆ ಹೋದಳು. ತಪ್ಪು ನನ್ನದು, ಫಾರ್ಮು ತಪ್ಪು, ಪಕ್ಕಕ್ಕಿಟ್ಟ ಹಾಳೆ ತೆಗೆಸಿ, ಮೇಷ್ಟ್ರನ್ನು ವಾಪಸ್ಸು ಕರೆಸಿ ಅಂದಳು. ಪ್ರಿನ್ಸಿಪಾಲರಿಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. ಅಕ್ಕ ಬಿಡಿಸಿ ಬಿಡಿಸಿ ಹೇಳಿದಳು. "ನೋಡಿ ಸರ್, 'ನಿಮಗೆ ಅರ್ಥ ಆಗಲ್ಲ ಅಲ್ವಾ' ಅಂತ ನಾನು ಕೇಳಿದೆ ಅಂತಿಟ್ಕೊಳ್ಳಿ. ನೀವು 'ಇಲ್ಲ ಮೇಡಂ' ಅಂತೀರಿ. ಅದು 'ಇಲ್ಲ, ಆಗಲ್ಲ' ಅಂತಾನೂ ಆಗಬಹುದು, 'ಇಲ್ಲ ಇಲ್ಲ, ಆಗುತ್ತೆ' ಅಂತಾನೂ ಆಗಬಹುದು. ಪೂರ್ತಿ ಮಾತು ಕೇಳೋವರೆಗೂ ಯಾವ ಇಲ್ಲ ಅಂತ ಗೊತ್ತಾಗಲ್ಲ." ಪ್ರಿನ್ಸಿಪಾಲರು ಮುಂದಿನ ಬೆಂಚಿನ ಹುಡುಗನ ಹಾಗೆ ಕಿವಿಗೊಟ್ಟು ಕೇಳಿದರು. ಅವರು ಯಾವ ಪಾಠವನ್ನೂ ಇಷ್ಟು ಶ್ರದ್ಧೆಯಿಂದ ಕಲಿತಿರಲಾರರು.

"ಆ ಹಾಳೆಗಳನ್ನೆಲ್ಲ ರದ್ದಿಗೆ ಹಾಕಿಬಿಟ್ವಲ್ಲ ಮೇಡಂ" ಅಂದರು ಕೊನೆಗೆ. "ನೀವೇ ಬರೆದಿದ್ರಿ, ತಿರಸ್ಕರಿಸಿದವು ಇಟ್ಕೊಳ್ಳೋದು ಬೇಡ ಅಂತ. ಜೊತೆಗೆ ನಿಮ್ಮ ಫಾರ್ಮನ್ನ ಮಂಡಳಿಯ ಬೇರೆ ಕಾಲೇಜುಗಳೂ ತಗೊಂಡಿವೆ. ಆದ್ರೂ ನಿಮಗೆ ಸಮಾಧಾನ ಆಗ್ಬೇಕಲ್ಲ. ಬನ್ನಿ, ಮಕ್ಕಳನ್ನೇ ಬಾಯಿ ಬಿಟ್ಟು ಕೇಳೋಣ."

ಅಕ್ಕ ಖುಷಿಯಿಂದ ಹಿಂದೆ ಹೋದಳು. ಆ ಕ್ಲಾಸಿನಲ್ಲಿ ಈಗ ಹೊಸಬರೊಬ್ಬರು ಪಾಠ ಮಾಡುತ್ತಿದ್ದರು. ಪ್ರಿನ್ಸಿಪಾಲರಿಗೆ ಏನೋ ಆಗಬೇಕಾದವರಂತೆ. ಪ್ರಿನ್ಸಿಪಾಲರು ಬಂದ ಕೂಡಲೇ ಮಕ್ಕಳು ದಡಬಡ ಎದ್ದು ನಿಂತರು. ಜೊತೆಗೆ ಬಂದಿದ್ದ ಆಫೀಸಿನ ಗುಮಾಸ್ತರು ಪುಸ್ತಕ ಬಿಡಿಸಿಕೊಂಡು ಪಕ್ಕದಲ್ಲಿ ನಿಂತರು. ಪ್ರಿನ್ಸಿಪಾಲರು ಅದೇ ನಗುಮುಖದಲ್ಲಿ ಕೇಳಿದರು:

"ಏನ್ರಪ್ಪಾ, ನಿಮ್ಮ ಹಳೇ ಮೇಷ್ಟ್ರ ಪಾಠ ಅರ್ಥ ಆಗ್ತಿರಲಿಲ್ಲ, ಅಲ್ವಾ?"

"ಇಲ್ಲ ಸರ್..." ಅಂತು ಇಡೀ ಕ್ಲಾಸು ಒಂದೇ ದನಿಯಲ್ಲಿ.

"ಬರ್ಕೊಳ್ಳಿ" ಅಂದರು ಗುಮಾಸ್ತರಿಗೆ. ಹಿಂದಿನ ಬೆಂಚಿನಿಂದ ಒಬ್ಬ, "ಇಲ್ಲ ಸರ್, ಹಾಗಲ್ಲ, ಆಗ್ತಿತ್ತು..." ಅಂತ ಇನ್ನೂ ಹೇಳುತ್ತಿದ್ದ. "ಸರಿ ಸರಿ, ಇಲ್ಲ ಅಂತಾನೇ ಬರ್ಕೊಂಡಿದೀವಿ, ಕೂತ್ಕೊಳ್ಳಿ" ಅಂದರು. ಮಕ್ಕಳು ಮೇಷ್ಟ್ರ ಪರವಾಗಿ ಹೇಳಿದೆವು ಅಂತಲೇ ಕೂತರು. ಬಾಗಿಲ ಬಳಿ ನಿಂತಿದ್ದ ಅಕ್ಕನ ಕಡೆ ತಿರುಗಿ ಪ್ರಿನ್ಸಿಪಾಲರು, "ಸಮಾಧಾನ ಆಯ್ತಾ ಮೇಡಂ?" ಅಂದರು.

ಅವಳು ಇದನ್ನು ಹೇಳುವಾಗ ಅಳಲಿಲ್ಲ. ನಾನು ಅತ್ತೆ, ಸಿಟ್ಟಿಗೆ. ಆ ನಗುಮುಖಕ್ಕೆ ನನ್ನ ಇಸ್ತ್ರಿಪೆಟ್ಟಿಗೆ ಒತ್ತಿಬಿಡಬೇಕು ಅನ್ನಿಸಿತ್ತು. ಅಕ್ಕ ಮಾತ್ರ, "ನಾನೇ ಕಲಿಸಿಕೊಟ್ಟೆ. ಹೇಗೆ ಕೇಳಬೇಕು ಅಂತ ನಾನೇ ಕಲಿಸಿಕೊಟ್ಟೆ ಕಣೇ" ಅಂತ ಅದನ್ನೇ ಹೇಳಿದಳು. ಮಂಡಳಿಗೆ ಪತ್ರ ಬರೆದಳು. ಮಕ್ಕಳ ಅಭಿಪ್ರಾಯವನ್ನು ಎರಡು ಸಲ ಪಡೆಯಲಾಗಿದೆ, ಎರಡೂ ಸಲ ಒಂದೇ ಉತ್ತರ ಬಂದಿದೆ ಅಂತ ಮರುಪತ್ರ ಬಂತು. ಕೆಲಸ ವಾಪಸ್ಸು ಕೊಡಿಸುವ ದಾರಿ ಅಲ್ಲಿಗೆ ಮುಚ್ಚಿತು.

"ಮಕ್ಕಳು ಬೇಡ ಅಂದಿಲ್ಲ ಅನ್ನೋದಾದ್ರೂ ಅವರಿಗೆ ಗೊತ್ತಾಗ್ಬೇಕು" ಅಂದಳು ಒಂದು ಭಾನುವಾರ. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ.

ಗಿಡದ ಮೇಷ್ಟ್ರ ಮನೆ ಮೂರನೇ ಮಹಡಿಯಲ್ಲಿ, ಎರಡು ಕೋಣೆ. ಇಷ್ಟು ಗಿಡ ಬಲ್ಲವರ ಮನೆಯ ಕಿಟಕಿಯಲ್ಲಿ ಒಂದು ಕುಂಡವೂ ಇರಲಿಲ್ಲ, ಕುಂಡ ಇಟ್ಟಿದ್ದ ಕಡೆ ಗುಂಡಗಿನ ಕಲೆ ಮಾತ್ರ ಉಳಿದಿತ್ತು. ಅವರ ಹೆಂಡತಿ ನೀರು ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತರು. ಮೇಷ್ಟ್ರು ಕಂಪನಿಯ ಹಸಿರು ಅಂಗಿಯಲ್ಲಿದ್ದರು. ತೋಳು ಉದ್ದವಾಗಿ ಬೆರಳವರೆಗೆ ಬಂದಿತ್ತು, ಸರಿ ಮಾಡಿಕೊಡಲಾ ಅಂತ ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅಕ್ಕ ಎಲ್ಲವನ್ನೂ ಹೇಳಿದಳು. ಮೀಟಿಂಗಿನಲ್ಲಿ 'ಇಲ್ಲ' ಸೇರಿಸಿದ್ದು, ಹಾಳೆ ಪಕ್ಕಕ್ಕೆ ಹೋದದ್ದು, ಪ್ರಿನ್ಸಿಪಾಲರು ಕ್ಲಾಸಿನಲ್ಲಿ ಕೇಳಿದ್ದು. ತನ್ನ ತಪ್ಪನ್ನು ಎಲ್ಲೂ ಮುಚ್ಚಿಡಲಿಲ್ಲ. "ನಿಮ್ಮ ಮಕ್ಕಳು ನಿಮ್ಮ ಪರವಾಗಿಯೇ ಬರೆದಿದ್ರು ಮೇಷ್ಟ್ರೇ. ನೀವು ಹೇಳಿಕೊಟ್ಟ ಹಾಗೆ ನೋಡಿ ಬರೆದಿದ್ರು. ತಪ್ಪು ನಂದು" ಅಂದಳು.

ಅವರು ಬೈಯಲಿ ಅಂತ ನಾನು ಕಾದೆ. ಬೈದಿದ್ದರೆ ಅಕ್ಕನಿಗೆ ಅಷ್ಟಾದರೂ ಹಗುರಾಗುತ್ತಿತ್ತು. ಅವರು ಬಹಳ ಹೊತ್ತು ಆ ಉದ್ದದ ತೋಳಿನ ತುದಿಯನ್ನು ಮಡಿಸಿದರು, ಬಿಚ್ಚಿದರು.

"ಬೀದೀಲಿ ಸಿಗ್ತಿದ್ರು ಮೇಡಂ ಅವರು" ಅಂದರು. "ನಮಸ್ಕಾರ ಸರ್ ಅಂತ ಓಡಿ ಬರ್ತಿದ್ರು. ನಾನು ಒಬ್ಬೊಬ್ಬರ ಮುಖ ನೋಡಿ, ಇವನೇ ಬರೆದಿರಬೇಕು, ಇವಳೇ ಬರೆದಿರಬೇಕು ಅಂದ್ಕೊಂಡು ಮುಖ ತಿರುಗಿಸಿ ಹೋಗ್ತಿದ್ದೆ. ಹಿಂದೊಂದು ಮುಂದೊಂದು ಅಂತ ಬೈಕೊಂಡಿದೀನಿ. ಒಂದು ಹುಡುಗಿ ಮನೆವರೆಗೂ ಬಂತು. ಎಡಗೈಲಿ ಬರೀತಿತ್ತು. ಬರೆದಿದ್ದೂ ಅಲ್ದೆ, ನಂಗೇನಾಯ್ತು ಅಂತ ನೋಡೋಕೆ ಬಂದಿದೆ ಅಂದ್ಕೊಂಡೆ. ಮುಖದ ಮೇಲೇ ಬಾಗಿಲು ಹಾಕ್ದೆ." ತಲೆ ಎತ್ತಿದರು. "ಆ ಹುಡುಗಿ ಈಗ ಯಾವ ವರ್ಷದಲ್ಲಿದೆ?"

ಅಕ್ಕ ನನ್ನ ಕಡೆ ನೋಡಿದಳು. ಹೇಳಬೇಕಾದವಳು ನಾನು. "ಬಿಡಿಸಿಬಿಟ್ರು ಮೇಷ್ಟ್ರೇ. ಅಪ್ಪನ ಅಂಗಡೀಲಿ ಕೂತಿದಾಳೆ. ಕೋಟು ನನ್ನ ಹತ್ರಾನೇ ಇದೆ" ಅಂದೆ.

ಬಾಗಿಲ ಬಳಿ ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದರು. ಮೇಷ್ಟ್ರು ಕಿಟಕಿಯ ಆ ಗುಂಡಗಿನ ಕಲೆಗಳನ್ನು ನೋಡುತ್ತಾ, ತುಂಬಾ ಸಣ್ಣ ದನಿಯಲ್ಲಿ ಕೇಳಿದರು.

"ಹಾಗಾದ್ರೆ ಆ ಮಗು... ಅವತ್ತು ನನ್ನನ್ನ ಆಡಿಕೊಳ್ಳೋಕೆ ಬಂದಿರಲಿಲ್ವಾ?"

"ಇಲ್ಲ" ಅಂದಳು ಅಕ್ಕ.

ಅವರು ಅಕ್ಕನ ಮುಖವನ್ನೇ ನೋಡಿದರು. ಎಲೆಯನ್ನು ಬೆಳಕಿಗೆ ಹಿಡಿದು ನೋಡುವ ಮನುಷ್ಯ ಹಾಗೆ ನೋಡಿದ್ದನ್ನು ನಾನು ಮರೆಯಲಾರೆ.

"ಇಲ್ಲ ಅಂದ್ರೆ... ಯಾವ ಇಲ್ಲ ಮೇಡಂ?"

ವ್ಯಂಗ್ಯಕ್ಕೆ ಕೇಳಿದ್ದಲ್ಲ, ಚುಚ್ಚಲು ಕೇಳಿದ್ದಲ್ಲ. ನಿಜಕ್ಕೂ ತಿಳಿಯದೆ, ಉತ್ತರ ಬೇಕಾಗಿ ಕೇಳಿದರು. "ಆಡಿಕೊಳ್ಳ... ಆಡಿಕೊಳ್ಳೋದಕ್ಕೆ ಬಂದಿರಲಿಲ್ಲ. ನಿಮ್ಮನ್ನ ಕರೆಯೋದಕ್ಕೆ ಬಂದಿದ್ದಳು. ಅವಳಪ್ಪನ ಹತ್ತಿರ ಮಾತಾಡಿ ಅಂತ ಕೇಳೋದಕ್ಕೆ ಬಂದಿದ್ದಳು" ಅಂದಳು ಅಕ್ಕ, ಒಂದೊಂದೇ ಮಾತನ್ನು ಬಿಡಿಸಿ.

ಮೇಷ್ಟ್ರು ಎದ್ದು ಒಳಕೋಣೆಗೆ ಹೋದರು. ನಾವು ಕಾದೆವು. ಅವರು ಹೊರಗೆ ಬರಲಿಲ್ಲ. ಅವರ ಹೆಂಡತಿ ನಮ್ಮನ್ನು ಮೆಟ್ಟಿಲವರೆಗೆ ಬಿಟ್ಟು, ಬಾಗಿಲನ್ನು ಸದ್ದಾಗದ ಹಾಗೆ ಹಾಕಿಕೊಂಡರು.

ಆಮೇಲೆ ಅವರು ಆ ಹುಡುಗಿಯ ಅಪ್ಪನ ಅಂಗಡಿಗೆ ಹೋಗಿದ್ದರಂತೆ, ಹಸಿರು ಅಂಗಿಯಲ್ಲೇ. ಮೇಷ್ಟ್ರಾಗಿ ಹೋಗಿದ್ದರೆ ಕುರ್ಚಿ ಸಿಗುತ್ತಿತ್ತೋ ಏನೋ. "ಕಾಲೇಜಿಂದ ತೆಗೆದುಹಾಕಿದ್ರಂತಲ್ಲ ನಿಮ್ಮನ್ನ, ನೀವು ಬಂದು ನಂಗೆ ಬುದ್ಧಿ ಹೇಳ್ತೀರಾ?" ಅಂದನಂತೆ ಅಪ್ಪ. ಹುಡುಗಿ ಗಲ್ಲಾದ ಹಿಂದೆ ತಲೆ ಬಗ್ಗಿಸಿಕೊಂಡು ಕೂತಿತ್ತಂತೆ. ಕೋಟು ನನ್ನ ಬೀರುವಿನಲ್ಲಿದೆ. ಜೇಬು ಬಿಚ್ಚಲು ಇನ್ನೂ ಕೈ ಬಂದಿಲ್ಲ.

ಫಾರ್ಮು ಈಗಲೂ ನಡೆಯುತ್ತಿದೆ, ಮಂಡಳಿಯ ಎಲ್ಲ ಕಾಲೇಜುಗಳಲ್ಲಿ. ತನ್ನದು ಅದು, ಹಿಂದಕ್ಕೆ ಕೊಡಿ ಅಂತ ಅಕ್ಕ ತಟ್ಟದೇ ಇದ್ದ ಬಾಗಿಲಿಲ್ಲ. ಮಕ್ಕಳಿಗೆ ಮಾತಾಡುವ ಅವಕಾಶ ಕಿತ್ತುಕೊಳ್ಳುವುದು ನಿಮಗೆ ಶೋಭೆಯಾ ಅಂತ ಪ್ರಿನ್ಸಿಪಾಲರು ನಗುತ್ತಾ ಕೇಳಿದರಂತೆ.

ಮನೆಯಲ್ಲಿ ಅಳತೆ ಮೇಡಂ ಅಳತೆ ಬಿಟ್ಟಿದ್ದಾಳೆ. ತುಂಬಾ ಜನ ಬಂದಿದ್ದರು ಅಂದರೆ ಎಷ್ಟು ಅಂತ ಕೇಳುವುದಿಲ್ಲ. ಸಂಜೆ ಸುಮ್ಮನೆ ಕಿಟಕಿಯ ಬಳಿ ಕೂತಿರುತ್ತಾಳೆ.

"ಊಟ ಮಾಡಲ್ವಾ ಅಕ್ಕಾ?" ಅಂತ ಕೇಳುತ್ತೇನೆ.

"ನಾನು ಈಗ ಊಟ ಮಾಡುವುದಿಲ್ಲ" ಅನ್ನುತ್ತಾಳೆ, ಪಾಠದ ಪುಸ್ತಕ ಓದಿದ ಹಾಗೆ, ಪೂರ್ತಿಯಾಗಿ. ಮೊದಮೊದಲು ನನಗೆ ನಗು ಬರುತ್ತಿತ್ತು.